ಮನೆ ಕಂಪ್ಯೂಟರ್‌ಗೆ ಆಂಟಿವೈರಸ್: ದುಡ್ಡು ಕೊಡ್ಬೇಕಾ, ಬೇಡ್ವಾ?

ನಮ್ಮನೇಲಿ ಮೂರು ಕಂಪ್ಯೂಟರ್ ಇದೆ. ನಂದೊಂದು ಲ್ಯಾಪ್‌ಟಾಪ್, ತಂಗೀದೊಂದು, ಎರಡೂ ವಿಂಡೋಸ್ 11. ಮೂರನೇದು ಅಪ್ಪನ ಹಳೇ ಡೆಸ್ಕ್‌ಟಾಪ್, ವಿಂಡೋಸ್ 10, 4 ಜಿಬಿ ರ‍್ಯಾಮ್, ಆನ್ ಮಾಡಿ ಹೋಗಿ ಕಾಫಿ ಕುಡ್ಕೊಂಡು ಬಂದ್ರೆ ಆಗ ಎದ್ದಿರುತ್ತೆ. ಈ ಮೂರಕ್ಕೂ ಐದಾರು ವರ್ಷದಿಂದ ಫ್ರೀದು, ದುಡ್ಡು ಕೊಟ್ಟಿದ್ದು, ಟ್ರಯಲ್ಲು ಅಂತ ಏನೇನೋ ಹಾಕಿ ತೆಗ್ದಿದೀನಿ, ಯಾರಾದ್ರೂ ಕೇಳಿದಾಗೆಲ್ಲ ಮೊದಲಿಂದ ಹೇಳೋದು ಸಾಕಾಗಿದೆ, ಅದಕ್ಕೆ ಒಂದೇ ಸಲ ಬರೆದುಬಿಡ್ತೀನಿ.

ಮೊದಲು ಫ್ರೀ ವಿಷಯ. ವಿಂಡೋಸ್ 10, 11 ಇದ್ರೆ ಡಿಫೆಂಡರ್ ಅನ್ನೋ ಮೈಕ್ರೋಸಾಫ್ಟ್‌ದೇ ಆಂಟಿವೈರಸ್ ಅದರೊಳಗೇ ಬಂದಿರುತ್ತೆ. ವಿಂಡೋಸ್ 7 ಕಾಲದಲ್ಲಿ ಇದನ್ನ ನಂಬ್ಕೊಂಡ್ರೆ ಕೆಟ್ವಿ ಅಂತಿದ್ರು, ಆ ಮಾತು ಈಗ ನಡೆಯಲ್ಲ. ಜರ್ಮನಿಯ ಎವಿ-ಟೆಸ್ಟ್ ಲ್ಯಾಬ್‌ನವರು ಕೊಡೋ ಅಂಕದಲ್ಲಿ ಪ್ರೊಟೆಕ್ಷನ್‌ಗೆ 6ಕ್ಕೆ 6 ತಗೊಳ್ಳೋದು ಇದಕ್ಕೆ ಮಾಮೂಲಾಗಿದೆ. ನನ್ನ ಲ್ಯಾಪ್‌ಟಾಪಲ್ಲಿ, ತಂಗಿ ಲ್ಯಾಪ್‌ಟಾಪಲ್ಲಿ ಇದೊಂದೇ ಇರೋದು. ಸೆಟ್ಟಿಂಗ್ಸಲ್ಲಿ ಒಂದೇ ಒಂದು ಬದಲಾಯಿಸಿದೀನಿ, ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಅಂತ ಇರುತ್ತೆ, ಅದು ಆಫ್ ಆಗಿರುತ್ತೆ, ಆನ್ ಮಾಡಿದ್ರೆ ಗುರುತಿಲ್ಲದ ಪ್ರೋಗ್ರಾಮ್ ಯಾವುದೂ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗೆ ಕೈ ಹಾಕಕ್ಕೆ ಬಿಡಲ್ಲ, ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ರ‍್ಯಾನ್ಸಮ್‌ವೇರ್‌ಗೆ ಇದು ಒಳ್ಳೇ ತಡೆ. ಶುರುವಲ್ಲಿ ಒಂದೆರಡು ಸಾಚಾ ಪ್ರೋಗ್ರಾಮನ್ನೂ ತಡೆಯುತ್ತೆ, ಅದಕ್ಕೆ ಪರ್ಮಿಷನ್ ಕೊಟ್ಟುಬಿಟ್ರೆ ಆಯ್ತು.

ಹಂಗಾದ್ರೆ ದುಡ್ಡು ಕೊಟ್ಟು ಯಾಕೆ ತಗೊಂಡೆ ಅಂದ್ರೆ ಅಪ್ಪನ ಪೆನ್‌ಡ್ರೈವ್ ಪುರಾಣ ಹೇಳ್ಬೇಕು. ಅಪ್ಪ ಏನೇ ಪ್ರಿಂಟ್ ಬೇಕಾದ್ರೂ ಪೆನ್‌ಡ್ರೈವಿಗೆ ಹಾಕ್ಕೊಂಡು ಜೆರಾಕ್ಸ್ ಅಂಗಡಿಗೆ ಹೋಗ್ತಾರೆ. ಅಲ್ಲಿನ ಕಂಪ್ಯೂಟರ್‌ಗೆ ದಿನಕ್ಕೆ ಎಷ್ಟು ಜನರ ಪೆನ್‌ಡ್ರೈವ್ ಚುಚ್ಚಿರ್ತಾರೋ ದೇವರೇ ಬಲ್ಲ. ಒಂದಿನ ಮನೆಗೆ ಬಂದು ಹಾಕಿದ್ರೆ ಎಲ್ಲಾ ಫೋಲ್ಡರ್ ಮೇಲೂ ಮೂಲೇಲಿ ಪುಟ್ಟ ಬಾಣದ ಗುರುತು, ಒಂದೊಂದೂ 2 ಕೆಬಿ. ಅಪ್ಪ ಕುರ್ಚಿಯಿಂದ ಎದ್ದು ನಿಂತು "ಮದ್ವೆ ಫೋಟೋ ಎಲ್ಲಾ ಹೋಯ್ತಲ್ಲೋ" ಅಂದ್ರು. ಹೋಗಿರ್ಲಿಲ್ಲ, ಈ ಶಾರ್ಟ್‌ಕಟ್ ವೈರಸ್ ಮಾಡೋದೇ ಅಷ್ಟು, ಅಸಲಿ ಫೋಲ್ಡರ್ ಬಚ್ಚಿಟ್ಟು ಅದೇ ಹೆಸರಲ್ಲಿ ಶಾರ್ಟ್‌ಕಟ್ ಇಡುತ್ತೆ, ನಾವು ಫೋಲ್ಡರ್ ಅಂದ್ಕೊಂಡು ಡಬಲ್ ಕ್ಲಿಕ್ ಮಾಡಿದ್ರೆ ವೈರಸ್ ಓಡುತ್ತೆ. ಸ್ಕ್ಯಾನ್ ಮಾಡಿಸಿ, ಕಮಾಂಡ್ ಪ್ರಾಂಪ್ಟಲ್ಲಿ ಆಟ್ರಿಬ್ ಕಮಾಂಡ್ ಕೊಟ್ಟ ಮೇಲೆ ಫೋಟೋ ಎಲ್ಲಾ ಹೊರಗೆ ಬಂತು. ಡಿಫೆಂಡರ್ ಪೆನ್‌ಡ್ರೈವಿನ ಫೈಲ್ ತೆಗೆಯೋವಾಗ ನೋಡುತ್ತೆ ನಿಜ, ಆದ್ರೆ ಚುಚ್ಚಿದ ತಕ್ಷಣ ಪೂರ್ತಿ ತಾನಾಗೇ ಸ್ಕ್ಯಾನ್ ಮಾಡಲ್ಲ, ಅಪ್ಪನಂಥವರಿಗೆ ಅದು ಬೇಕೇ ಬೇಕು.

ನಮ್ಮ ದೇಶದ ಕಂಪನಿಗಳಿಗೆ ಈ ಪೆನ್‌ಡ್ರೈವ್ ಕಾಟ ಚೆನ್ನಾಗಿ ಗೊತ್ತು. ಪುಣೆಯ ಕ್ವಿಕ್ ಹೀಲ್ ಯಾರಿಗೆ ಗೊತ್ತಿಲ್ಲ, ಅಣ್ಣ ಕೈಲಾಶ್ ಕಾಟ್ಕರ್ ಕ್ಯಾಲ್ಕುಲೇಟರ್ ರಿಪೇರಿ ಮಾಡ್ತಿದ್ರು, ತಮ್ಮ ಸಂಜಯ್ ಕೂತು ಆಂಟಿವೈರಸ್ ಬರೆದ್ರು, ಅಲ್ಲಿಂದ ಬೆಳೆದ ಕಂಪನಿ. ಒಂದು ಕಾಲದಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಜೊತೆ ಅಂಗಡಿಯವ್ರು ಇದರ ಡಬ್ಬ ಕೊಡ್ತಿದ್ರು. ಇನ್ನೊಂದು ಚೆನ್ನೈನ ಕೆ7, 1991ರಿಂದ ಇದೆ. ಎರಡರದ್ದೂ ಟ್ರಯಲ್ ಹಾಕಿ ನೋಡಿದೆ. ಕ್ವಿಕ್ ಹೀಲಲ್ಲಿ ಆಪ್ಷನ್ ಜಾಸ್ತಿ, ಹೊಸ ಮಷಿನ್ ಆಗಿದ್ರೆ ಅದನ್ನೇ ತಗೋತಿದ್ನೇನೋ. ಅಪ್ಪನ ಮಷಿನ್‌ಗೆ ಕೆ7 ಹಗುರ ಅನ್ನಿಸ್ತು. ಪೆನ್‌ಡ್ರೈವ್ ಹಾಕಿದ ಕೂಡ್ಲೇ ಸ್ಕ್ಯಾನ್ ಮಾಡುತ್ತೆ, ಪೆನ್‌ಡ್ರೈವಿಂದ ವೈರಸ್ ತಾನಾಗೇ ಓಡದ ಹಂಗೆ ತಡೆಯೋ ಯುಎಸ್‌ಬಿ ವ್ಯಾಕ್ಸಿನೇಷನ್ ಅಂತ ಬೇರೆ ಇದೆ. ಒಂದು ಕಂಪ್ಯೂಟರ್, ಒಂದು ವರ್ಷ, ಐನೂರು ರೂಪಾಯಿ ಒಳಗೇ ಮುಗೀತು. ಇದನ್ನ ಹಾಕಿದ್ರೆ ಡಿಫೆಂಡರ್ ತಾನಾಗೇ ಪಕ್ಕಕ್ಕೆ ಸರಿಯುತ್ತೆ. ಆದ್ರೆ ಹೊರಗಿಂದು ಎರಡು ಆಂಟಿವೈರಸ್ ಒಟ್ಟಿಗೆ ಹಾಕ್ಬೇಡಿ, ಎರಡೂ ಒಂದೇ ಫೈಲಿಗೆ ಕಿತ್ತಾಡಿ ಮಷಿನ್ ಮಲಗಿಬಿಡುತ್ತೆ.

ಈಗ ನಾನು ಕೈ ಸುಟ್ಕೊಂಡ ಕಥೆ. ಕಂಪನಿ ಹೆಸರು ಬೇಡ, ಹೊರದೇಶದ್ದು, ಮೊದಲ್ನೇ ವರ್ಷ ಆಫರಲ್ಲಿ 399 ಅಂತ ಕಾರ್ಡ್ ಕೊಟ್ಟು ತಗೊಂಡೆ. ವರ್ಷ ತುಂಬಿದಾಗ 2,499 ಕಟ್! ತಪ್ಪು ನಂದೂ ಇದೆ ಅನ್ನಿ, ರಿಸರ್ವ್ ಬ್ಯಾಂಕ್ ರೂಲ್ ಪ್ರಕಾರ ದುಡ್ಡು ಕಟ್ ಆಗೋಕೆ 24 ಗಂಟೆ ಮುಂಚೆ ಮೆಸೇಜ್ ಬರ್ಬೇಕು, ಬಂದಿತ್ತು, ಸಾಲ ಕೊಡ್ತೀವಿ ಅನ್ನೋ ಮೆಸೇಜ್‌ಗಳ ಮಧ್ಯೆ ಅದನ್ನ ನಾನು ನೋಡೇ ಇರ್ಲಿಲ್ಲ. ಅವತ್ತಿಂದ ಆಟೋ ರಿನ್ಯೂವಲ್‌ಗೆ ಕಾರ್ಡ್ ಕೊಡೋದೇ ಇಲ್ಲ, ಡಬ್ಬ ಇಲ್ಲಾ ಕೀ (ಆಂಟಿವೈರಸ್ ಆಕ್ಟಿವೇಟ್ ಮಾಡೋ ನಂಬರ್) ಅಷ್ಟೇ ತಗೊಳ್ಳೋದು. ವಾಟ್ಸಾಪಲ್ಲಿ ನೂರು ರೂಪಾಯಿಗೆ ಕೀ ಅಂತ ಬರೋದನ್ನ ಮಾತ್ರ ಮುಟ್ಬೇಡಿ.

ಫ್ರೀ ಅಂದ್ರೆ ಎಲ್ಲಾ ಫ್ರೀನೂ ಅಲ್ಲ. ಫ್ರೀ ಆಂಟಿವೈರಸ್ ಕೊಡೋ ಅವಾಸ್ಟ್‌ನವ್ರು ಜಂಪ್‌ಶಾಟ್ ಅನ್ನೋ ತಮ್ಮದೇ ಕಂಪನಿ ಮೂಲಕ ಜನ ಯಾವ್ ಯಾವ್ ಸೈಟ್ ನೋಡ್ತಾರೆ ಅನ್ನೋದನ್ನ ಮಾರ್ತಿದ್ರು, 2020ರಲ್ಲಿ ಅದನ್ನ ಮುಚ್ಚಿದ್ರು, 2024ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಎಫ್‌ಟಿಸಿ 16.5 ಮಿಲಿಯನ್ ಡಾಲರ್ ಕಟ್ಟಿಸ್ತು. ಕಾಯಕ್ಕೆ ಇಟ್ಕೊಂಡವನೇ ಕಿಟಕೀಲಿ ಇಣುಕಿದ ಹಂಗಾಯ್ತು.

ಅಪ್ಪನ ಮಷಿನ್‌ದು ಇನ್ನೊಂದು ತಲೆನೋವು ಉಳಿದಿದೆ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ಅಂದ್ರೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ಬರಲ್ಲ, ಪ್ರೊಸೆಸರ್ ಹಳೇದಾದ್ದರಿಂದ 11 ಹಿಡಿಯಲ್ಲ. ಆಂಟಿವೈರಸ್ ಇದ್ಯಲ್ಲ ಅಂತ ಸುಮ್ಮನಿರೋ ಹಂಗಿಲ್ಲ, 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ರ‍್ಯಾನ್ಸಮ್‌ವೇರ್ ಬಂದಾಗ ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚಲ್ಲೇ ಅಪ್‌ಡೇಟ್ ಕೊಟ್ಟಿತ್ತು, ಹಾಕ್ಕೊಳ್ಳದವ್ರು ಸಿಕ್ಕಾಕೊಂಡ್ರು. ಒಂದು ವರ್ಷ ಹೆಚ್ಚಿಗೆ ಸೆಕ್ಯುರಿಟಿ ಅಪ್‌ಡೇಟ್ ಕೊಡೋ ಇಎಸ್‌ಯು ಅಂತ ಇದೆ, ಅದಕ್ಕೆ ಸೇರಿಸಿದೀನಿ.

ಕೆ7 ಮುಗಿಯೋ ತಾರೀಖನ್ನ ಅಪ್ಪ ಅಡುಗೆಮನೆ ಕ್ಯಾಲೆಂಡರಲ್ಲಿ ಬರೆದಿಟ್ಟಿದಾರೆ, ಗ್ಯಾಸ್ ಸಿಲಿಂಡರ್ ಬಂದ ತಾರೀಖಿನ ಪಕ್ಕದಲ್ಲೇ. ಜೆರಾಕ್ಸ್ ಅಂಗಡಿಗೆ ಹೋಗೋದು ಮಾತ್ರ ನಿಂತಿಲ್ಲ.