ನಾಲ್ಕು ಬಟ್ಟಲು ಸ್ಟೇಕ್ ಸಾಸ್: ಕೆಚಪ್, ಒಣದ್ರಾಕ್ಷಿ, ಹುಣಸೆ, ಮುರುಗಲು

ನನ್ನ ತಮ್ಮ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ವರ್ಷಕ್ಕೊಮ್ಮೆ ರಜೆಯಲ್ಲಿ ಕಾರವಾರಕ್ಕೆ ಬರುವಾಗ ಚಾಕೊಲೇಟ್ ಜೊತೆ ಒಂದು ಬಾಟಲಿ ಕಪ್ಪು ಸಾಸ್ ತರುತ್ತಾನೆ. ಸ್ಟೇಕ್ ಸಾಸ್, ಅಂದರೆ ಸುಟ್ಟ ಮಾಂಸದ ದಪ್ಪ ಹೋಳಿಗೆ (ಸ್ಟೇಕ್) ಹಾಕಿಕೊಳ್ಳುವ ಸಾಸ್. ಮೊದಲು ಹುಳಿ, ಬೆನ್ನಿಗೇ ಸಿಹಿ, ಕೊನೆಗೆ ಲವಂಗದ ಘಮ. ನಮ್ಮ ಮನೆಯಲ್ಲಿ ಅದು ಖರ್ಚಾಗುವುದು ಹುರಿದ ಮೀನಿಗೆ, ಆಮ್ಲೆಟ್ಟಿಗೆ, ಮಗ ಕದ್ದು ತಿನ್ನುವಾಗ ನೀರುದೋಸೆಗೆ. ಈ ಸಲ ಬಾಟಲಿ ಬ್ಯಾಗಿನೊಳಗೇ ಒಡೆದು ಅವನ ಎರಡು ಬಿಳಿ ಅಂಗಿಗಳೇ ಎಲ್ಲ ಸಾಸ್ ಕುಡಿದಿದ್ದವು. ಮಗನ ಮುಖ ಸಪ್ಪೆಯಾಯಿತು. "ಅದರಲ್ಲಿ ಅಂಥದ್ದೇನಿದೆ, ಮನೆಯಲ್ಲೇ ಮಾಡಿದರಾಯಿತು" ಎಂದು ನಾನು ಬಾಯಿ ತಪ್ಪಿ ಹೇಳಿಬಿಟ್ಟೆ.

ಅಂಗಿಯ ಜೊತೆ ಉಳಿದಿದ್ದ ಲೇಬಲ್ ಓದಿದೆ. ಟೊಮೆಟೊ, ವಿನೆಗರ್, ಒಣದ್ರಾಕ್ಷಿ, ಕಿತ್ತಳೆ, ಬೆಳ್ಳುಳ್ಳಿ, ಮಸಾಲೆ. ಅದು ಎ1 ಸಾಸ್. ಇಂಗ್ಲೆಂಡಿನ ದೊರೆ 4ನೇ ಜಾರ್ಜ್‌ಗೆ ಅಡುಗೆ ಮಾಡುತ್ತಿದ್ದ ಹೆಂಡರ್ಸನ್ ವಿಲಿಯಂ ಬ್ರ್ಯಾಂಡ್ ಎಂಬಾತನ ಕೈಯಲ್ಲಿ ಹುಟ್ಟಿದ್ದು. ದೊರೆ ಚಪ್ಪರಿಸಿ "ಎ1" ಎಂದನಂತೆ, ಅದೇ ಹೆಸರಾಯಿತಂತೆ. ಕಥೆ ನಿಜವೋ ಸುಳ್ಳೋ, ಕೇಳಲು ಚೆನ್ನಾಗಿದೆ. ಅದರ ದಾಯಾದಿ ಎಚ್‌ಪಿ ಸಾಸ್. ನಾಟಿಂಗ್‌ಹ್ಯಾಮಿನ ದಿನಸಿ ವ್ಯಾಪಾರಿ ಗಾರ್ಟನ್ 1895ರಲ್ಲಿ ಅದರ ಹೆಸರು ನೋಂದಾಯಿಸಿದ. ಅದರಲ್ಲಿ ಖರ್ಜೂರ, ಕಾಕಂಬಿ ಮತ್ತು ನಮ್ಮ ಹುಣಸೆಹಣ್ಣು ಇದೆ. ವೂಸ್ಟರ್ ಸಾಸ್‌ನಲ್ಲೂ ಹುಣಸೆ ಇದೆ, ಜೊತೆಗೆ ಉಪ್ಪು ಹಾಕಿ ಹುದುಗಿಸಿದ ಸಣ್ಣ ಮೀನು. ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ತೆಂಗಿನಕಾಯಿ ಹೆರೆಯುತ್ತ ತಲೆಯೆತ್ತದೆ ಕೇಳಿದರು: "ಅಂದ್ರೆ ಗೊಜ್ಜೇ ಅಲ್ವಾ?"

ಅಲ್ಲಿಂದ ಶುರುವಾಯಿತು. ಎರಡು ವಾರ, ನಾಲ್ಕು ಬಗೆ, ಏಳು ಬಾರಿ ಕುದಿಸಿದ್ದೇನೆ. ಎರಡು ಬಾರಿ ಹಾಳಾಗಿದೆ.

ರುಚಿ ನೋಡಿದ ರೀತಿ ಹೇಳಿಬಿಡುತ್ತೇನೆ. ನಾಲ್ಕು ಸ್ಟೀಲ್ ಬಟ್ಟಲು, ತಳದಲ್ಲಿ ನಂಬರ್ ಚೀಟಿ, ಯಾವುದು ಯಾವುದೆಂದು ನನಗೊಬ್ಬಳಿಗೇ ಗೊತ್ತು. ತಿನ್ನುವವರು ತಮ್ಮ, ಅಮ್ಮ, ಮಗ. ದನದ ಮಾಂಸ ನಮ್ಮ ಮನೆಗೆ ಬರುವುದಿಲ್ಲ, ಹಾಗಾಗಿ ಅಸಲಿ ಸ್ಟೇಕಿನ ಮೇಲೆ ಯಾವುದು ಹೊಂದುತ್ತದೆ ಎನ್ನುವುದಕ್ಕೆ ತಮ್ಮನ ಮಾತೇ ಪ್ರಮಾಣ. ನಾನು ಇಟ್ಟದ್ದು ಬೈತಖೋಲ್ ಬಂದರಿನಿಂದ ತಂದ ಇಸ್ವಾಣ (ಅಂಜಲ್) ಮೀನಿನ ಒಂದಿಂಚು ದಪ್ಪದ ಹೋಳು ಮತ್ತು ಮೂಳೆ ತೆಗೆದ ಕೋಳಿ ತೊಡೆ. ಇಸ್ವಾಣವನ್ನು ಅಡ್ಡ ಕೊಯ್ದರೆ ಅದೇ ಸ್ಟೇಕ್, ಬೇರೆ ಹೆಸರೇಕೆ? ಉಪ್ಪು, ಕಾಳುಮೆಣಸು ಬಿಟ್ಟು ಬೇರೇನೂ ಹಚ್ಚಲಿಲ್ಲ. ರವೆ ಹಚ್ಚಿದರೆ ಸಾಸಿನ ರುಚಿ ತಿಳಿಯುವುದಿಲ್ಲ. ಶಿರಸಿಯ ಗೆಳತಿ ಸಸ್ಯಾಹಾರಿ. ಅವಳಿಗಾಗಿ ಸುವರ್ಣಗೆಡ್ಡೆಯ ದಪ್ಪ ಹೋಳು.

ಮೊದಲನೆಯದು ಕೆಚಪ್ ಸಾಸ್. ಅರ್ಧ ಕಪ್ ಕೆಚಪ್, ಎರಡು ದೊಡ್ಡ ಚಮಚ ವೂಸ್ಟರ್ ಸಾಸ್, ಒಂದು ಚಮಚ ವಿನೆಗರ್, ಅರ್ಧ ಚಮಚ ಸಾಸಿವೆ ಪುಡಿ, ಕುಟ್ಟಿದ ಮೆಣಸು. ಕಲಸಿದರೆ ಮುಗಿಯಿತು. ಸಣ್ಣ ಉರಿಯಲ್ಲಿ ಐದು ನಿಮಿಷ ಇಟ್ಟರೆ ಸ್ವಲ್ಪ ವಾಸಿ. ಮಗನಿಗೆ ಬಹಳ ಇಷ್ಟವಾಯಿತು, ಅದರಲ್ಲೇನೂ ಆಶ್ಚರ್ಯವಿಲ್ಲ. ತಮ್ಮ ನಾಲಿಗೆಗೆ ಹಚ್ಚಿಕೊಂಡು "ಇದು ಕೆಚಪ್, ಕೋಟು ಹಾಕಿಕೊಂಡು ಬಂದಿದೆ" ಎಂದ. ಏನು ಸೇರಿಸಿದರೂ ಕೆಚಪ್‌ನ ಸಿಹಿ ಮುಂದೆ ಬಂದು ನಿಲ್ಲುತ್ತದೆ. ನೆಂಟರು ಬಾಗಿಲಲ್ಲಿ ನಿಂತಾಗ ಮಾಡಬಹುದು. ಬಣ್ಣವೂ ಕಪ್ಪಲ್ಲ, ಇಟ್ಟಿಗೆ ಕೆಂಪು. ಇದರ ಬಗ್ಗೆ ಇಷ್ಟು ಸಾಕು.

ಎರಡನೆಯದು ಒಣದ್ರಾಕ್ಷಿ ಮತ್ತು ಕಿತ್ತಳೆಯದು. ಒಡೆದ ಬಾಟಲಿಗೆ ಹತ್ತಿರ ಹೋಗಬೇಕೆಂದು ಮಾಡಿದ್ದು. 60 ಗ್ರಾಂ ಒಣದ್ರಾಕ್ಷಿ, ಎರಡು ಟೊಮೆಟೊ, ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಕಪ್ ವಿನೆಗರ್, ಅಷ್ಟೇ ನೀರು, ಎರಡು ಚಮಚ ಬೆಲ್ಲ, ಮೂರು ಲವಂಗ, ಕಿರುಬೆರಳಿನಷ್ಟು ದಾಲ್ಚಿನ್ನಿ, ಒಂದು ಚಮಚ ಸಾಸಿವೆ ಪುಡಿ, ಉಪ್ಪು. ಒಂದು ಕಿತ್ತಳೆಯ ರಸ, ಮೇಲಿನ ತೆಳು ಸಿಪ್ಪೆ. ಎಲ್ಲವನ್ನೂ 35 ನಿಮಿಷ ಸಣ್ಣಗೆ ಕುದಿಸಿ, ದಾಲ್ಚಿನ್ನಿ ಎತ್ತಿ, ಅರೆದು, ಸೋಸಬೇಕು.

ಮೊದಲ ಹಾಳು ಇಲ್ಲೇ. ಕಿತ್ತಳೆ ಸಿಪ್ಪೆಯನ್ನು ಒಳಗಿನ ಬಿಳಿ ಪದರದ ಸಮೇತ ಹಾಕಿದ್ದೆ. ಕಹಿ ಎಂದರೆ ಹಾಗಲಕಾಯಿಯೇ ನಾಚಬೇಕು. ಕಹಿ ಮುಚ್ಚಲು ಬೆಲ್ಲ, ಬೆಲ್ಲ ಮುಚ್ಚಲು ವಿನೆಗರ್, ವಿನೆಗರ್ ಮುಚ್ಚಲು ಮತ್ತೆ ಬೆಲ್ಲ. ಕೊನೆಗೆ ತೆಂಗಿನ ಬುಡಕ್ಕೆ ಹೋಯಿತು. ಎರಡನೇ ಸಲ ಹಣ್ಣನ್ನು ಸಣ್ಣ ತುರಿಮಣೆಗೆ ಮೆಲ್ಲಗೆ ಸವರಿ, ಕಿತ್ತಳೆ ಬಣ್ಣದ ಭಾಗ ಮಾತ್ರ ತೆಗೆದೆ. ಸರಿಯಾಯಿತು.

ಸೋಸುವುದು ಮಾತ್ರ ಶಿಕ್ಷೆ. ದ್ರಾಕ್ಷಿ ಸಿಪ್ಪೆ ಜರಡಿ ತುಂಬಿಕೊಳ್ಳುತ್ತದೆ, ಚಮಚದ ಬೆನ್ನಿನಿಂದ ಒತ್ತಿ ಒತ್ತಿ ಕೈ ಸೋಲುತ್ತದೆ. ಆದರೆ ಹಾಗೆ ಒತ್ತಿದಾಗಲೇ ದ್ರಾಕ್ಷಿಯ ತಿರುಳು ಇಳಿದು ಸಾಸಿಗೆ ಮೈ ಬರುತ್ತದೆ. ಕಾರ್ನ್‌ಫ್ಲೋರ್ ಬೇಕಾಗುವುದಿಲ್ಲ. ಬಟ್ಟಲು ಮುಟ್ಟಿದ ತಕ್ಷಣ ತಮ್ಮ "ಇದೇ, ಇದೇ" ಎಂದ. ಹೌದು, ಬಾಟಲಿಗೆ ತೀರ ಹತ್ತಿರ. ಕೋಳಿಯ ಮೇಲೆ ಚೆನ್ನಾಗಿತ್ತು. ಇಸ್ವಾಣದ ಮೇಲೆ ಯಾಕೋ ಒಗ್ಗಲಿಲ್ಲ, ಮೀನು ಒಂದು ಕಡೆ, ಕಿತ್ತಳೆ ಇನ್ನೊಂದು ಕಡೆ. ಅಮ್ಮ ಒಂದು ಚಮಚ ತಿಂದು ನೀರು ಕುಡಿದರು.

ಮೂರನೆಯದು ಹುಣಸೆ ಮತ್ತು ಜೋನಿ ಬೆಲ್ಲ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಎಚ್‌ಪಿ, ವೂಸ್ಟರ್ ಎರಡರ ಲೇಬಲ್ಲಿನಲ್ಲೂ ಹುಣಸೆ ಮತ್ತು ಕಾಕಂಬಿ ಕಂಡಾಗ ನನಗೆ ತಟ್ಟನೆ ನೆನಪಾದದ್ದು ಗೆಳತಿ ಘಟ್ಟದ ಮೇಲಿನಿಂದ ಕಳಿಸಿದ್ದ ಜೋನಿ ಬೆಲ್ಲದ ಡಬ್ಬ. ಅಚ್ಚಿಗೆ ಹೊಯ್ಯುವಷ್ಟು ಕಾಯಿಸದೆ, ಸುರಿಯುವ ಹದದಲ್ಲೇ ಇಳಿಸಿದ ಬೆಲ್ಲ ಅದು. ಕಪ್ಪು, ಮಂದ, ಹೊಗೆಯ ವಾಸನೆ. ಸಾಸಿಗೆ ಬಣ್ಣ, ಸಿಹಿ, ಮೈ ಮೂರೂ ಒಂದೇ ಚಮಚದಲ್ಲಿ.

50 ಗ್ರಾಂ ಹುಣಸೆಯನ್ನು ಒಂದು ಕಪ್ ಬಿಸಿನೀರಿನಲ್ಲಿ ನೆನೆಸಿ ಕಿವುಚಿದೆ. ಐದು ದೊಡ್ಡ ಚಮಚ ಜೋನಿ ಬೆಲ್ಲ, ಬೀಜ ತೆಗೆದ ಆರು ಖರ್ಜೂರ, ಮೂರು ಚಮಚ ವಿನೆಗರ್, ಬೆಳ್ಳುಳ್ಳಿ, ಶುಂಠಿ, ಎರಡು ಲವಂಗ, ಒಂದು ಚಮಚ ಶಿರಸಿ ಕಾಳುಮೆಣಸು. ವೂಸ್ಟರ್‌ನ ಸಣ್ಣ ಮೀನಿಗೆ ಬದಲಾಗಿ ಒಂದು ಚಮಚ ಒಣ ಶೆಟ್ಲಿ (ಸಿಗಡಿ), ತಲೆ ಬಾಲ ಮುರಿದು, ಬಾಣಲೆಯಲ್ಲಿ ಗರಿಗರಿ ಹುರಿದು ಪುಡಿ ಮಾಡಿದ್ದು. ಹುರಿಯುವಾಗ ಅಕ್ಕಪಕ್ಕದ ಮನೆಗೆಲ್ಲ ಗೊತ್ತಾಗುತ್ತದೆ, ಹೆದರಬೇಡಿ. 25 ನಿಮಿಷ ಕುದಿಸಿ, ಅರೆದು ಸೋಸಿದ ಮೇಲೆ ಮೀನಿನ ವಾಸನೆ ಸಿಗುವುದಿಲ್ಲ. ಮಾಂಸದ ಸಾರಿನಲ್ಲಿ ಇರುತ್ತದಲ್ಲ, ನಾಲಿಗೆಯ ಹಿಂಬದಿಯಲ್ಲಿ ನಿಲ್ಲುವ ರುಚಿ, ಅದು ಮಾತ್ರ ಉಳಿಯುತ್ತದೆ. ಗೆಳತಿಯ ಬಾಟಲಿಗೆ ಶೆಟ್ಲಿ ಬಿಟ್ಟು ಒಂದು ಚಮಚ ಸೋಯಾ ಸಾಸ್ ಹಾಕಿದೆ. ಸೋಯಾ ಹಾಕಿದರೆ ಉಪ್ಪು ಕಡಿಮೆ ಮಾಡಿ.

ಕುದಿಸುವಾಗ ಒಂದು ವ್ಯತ್ಯಾಸ ಚೆನ್ನಾಗಿ ಅರ್ಥವಾಯಿತು. ವಿನೆಗರ್‌ನ ಹುಳಿ ಹಬೆಯ ಜೊತೆ ಹಾರುತ್ತದೆ. ಮೂಗು ಚುರ್ ಎನ್ನುವುದು ಅದಕ್ಕೇ. ಹಾಗಾಗಿ ದ್ರಾಕ್ಷಿ ಸಾಸ್ ಕುದ್ದಷ್ಟೂ ಮೃದುವಾಯಿತು. ಹುಣಸೆಯ ಹುಳಿ ಹಾರುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತ ಹೋಗುತ್ತದೆ. ಶುರುವಿನಲ್ಲಿ ಸರಿಯಿದ್ದ ಹುಳಿ ಕೊನೆಗೆ ಹಲ್ಲು ಜುಮ್ಮೆನಿಸುತ್ತದೆ. ಆದ್ದರಿಂದ ಹುಣಸೆ ಸಾಸಿಗೆ ಬೆಲ್ಲದ ಅಂದಾಜು ಕೊನೆಯ ಐದು ನಿಮಿಷದಲ್ಲಿ ಮಾಡಬೇಕು, ಮೊದಲೇ ಅಲ್ಲ. ಇನ್ನೊಂದು, ಅಲ್ಯೂಮಿನಿಯಂ ಪಾತ್ರೆ ಬೇಡ. ನಾಲ್ಕೂ ಸಾಸ್ ಹುಳಿಯೇ. ಸ್ಟೀಲಿನಲ್ಲಿ ಮಾಡಿ, ಇಲ್ಲದಿದ್ದರೆ ಲೋಹದ ರುಚಿ ಬರುತ್ತದೆ.

ಮಾಡಿದ ದಿನ ಇದು ಅಷ್ಟಕ್ಕಷ್ಟೇ. ಲವಂಗ ಒಂದು ಕಡೆ ಕೂಗುತ್ತಿತ್ತು, ಹುಣಸೆ ಇನ್ನೊಂದು ಕಡೆ. ತಮ್ಮ ದ್ರಾಕ್ಷಿಗೇ ಓಟು ಹಾಕಿದ. ಅಮ್ಮ "ಇದು ಗೊಜ್ಜು, ನಾ ಹೇಳಿದ್ನಲ್ಲ" ಎಂದು ಗೆದ್ದವರಂತೆ ಕೂತರು. ಮೂರನೇ ದಿನ ಮತ್ತೆ ಅದೇ ಬಟ್ಟಲುಗಳನ್ನು ಇಟ್ಟೆ, ಚೀಟಿ ಅದಲು ಬದಲು ಮಾಡಿ. ಈ ಬಾರಿ ತಮ್ಮ ಕೋಳಿಯ ಮೂರು ತುಂಡನ್ನೂ ಹುಣಸೆ ಬಟ್ಟಲಿಗೇ ಅದ್ದಿದ. ದೊಡ್ಡ ಸ್ಟೇಕಿನ ಕೊಬ್ಬಿಗೆ ಇಷ್ಟು ಹುಳಿ ಬೇಕೇ ಬೇಕು, ದ್ರಾಕ್ಷಿಯದು ಅಲ್ಲಿ ಸೋತುಹೋಗುತ್ತದೆ ಎಂದೂ ಹೇಳಿದ. ಹಡಗಿನಲ್ಲಿ ಎಷ್ಟೋ ಸ್ಟೇಕ್ ಸುಟ್ಟವನು, ನಂಬುತ್ತೇನೆ.

ಸುವರ್ಣಗೆಡ್ಡೆಗೂ ಇದೇ. ಗೆಡ್ಡೆಯ ತುರಿಕೆಗೆ ನಮ್ಮವರು ಹುಣಸೆ ಹಾಕಿಯೇ ಬೇಯಿಸುವುದು. ಹೋಳನ್ನು ಹುಣಸೆ ನೀರಿನಲ್ಲಿ ಅರೆಬೇಯಿಸಿ, ಕಾವಲಿಯಲ್ಲಿ ಎರಡೂ ಕಡೆ ಕೆಂಪಗೆ ಮಾಡಿ, ಮೇಲೆ ಈ ಸಾಸ್ ಸುರಿದರೆ ಗೆಡ್ಡೆ ಬೇರೆಯೇ ಠೀವಿಯಲ್ಲಿ ಕೂರುತ್ತದೆ. ಗೆಳತಿ ಎರಡು ಹೋಳು ತಿಂದು ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಂಡಳು. ಒಂದು ಎಚ್ಚರಿಕೆ: ಸಾಸನ್ನು ಕಾವಲಿ ಮೇಲೆ ಇರುವಾಗಲೇ ಹಚ್ಚಬೇಡಿ. ಬೆಲ್ಲ ನಿಮಿಷದಲ್ಲಿ ಸುಟ್ಟು ಕರಿ ಹಿಡಿಯುತ್ತದೆ. ಇಳಿಸಿದ ಮೇಲೆ ಹಚ್ಚಿ.

ಎರಡನೇ ಹಾಳೂ ಇದರಲ್ಲೇ. ಮೊದಲ ಪಾಕವನ್ನು ಅವಸರದಲ್ಲಿ ಸರಿಯಾಗಿ ಒಣಗದ ಬಾಟಲಿಗೆ ತುಂಬಿ, ಫ್ರಿಜ್‌ನಲ್ಲಿ ಜಾಗವಿಲ್ಲವೆಂದು ಕಪಾಟಿನಲ್ಲಿ ಇಟ್ಟೆ. ಕರಾವಳಿಯ ಸೆಕೆ, ನೀರಿನ ಪಸೆ, ಬೆಲ್ಲ. ಐದನೇ ರಾತ್ರಿ ಟಪ್ ಎಂದು ಮುಚ್ಚಳ ಹಾರಿ ಸಾಸ್ ಹುಳಿಬಂದು ನೊರೆಯಾಗಿತ್ತು. ಅಕ್ಕಿ ಡಬ್ಬದ ಮೇಲೆಲ್ಲ. ಈಗ ಗಾಜಿನ ಬಾಟಲಿಯನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಪೂರ್ತಿ ಒಣಗಿಸಿ, ಸಾಸ್ ಬಿಸಿಯಿರುವಾಗಲೇ ತುಂಬಿ, ಆರಿದ ಮೇಲೆ ಫ್ರಿಜ್‌ಗೆ. ನಾನು ಮೂರು ವಾರಕ್ಕಿಂತ ಹೆಚ್ಚು ಇಡುವುದಿಲ್ಲ, ಅಷ್ಟು ದಿನ ಉಳಿಯುವುದೂ ಇಲ್ಲ.

ನಾಲ್ಕನೆಯದು ಮುರುಗಲು, ಪೇಟೆಯವರ ಕೋಕಂ. ಇದಕ್ಕೆ ಯಾವ ಲೇಬಲ್ಲಿನ ಆಧಾರವೂ ಇಲ್ಲ, ನನ್ನದೇ ಹುಚ್ಚು. ಭಾನುವಾರದ ಸಂತೆಯಲ್ಲಿ ಒಣ ಸಿಪ್ಪೆ ಕಂಡಿತು, ತಂದೆ. 12 ಸಿಪ್ಪೆಗಳನ್ನು ಒಂದು ಕಪ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದೆ. ಕುಮಟಾದ ಸಿಹಿ ಈರುಳ್ಳಿ ಮೂರು, ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿರುತ್ತಾರಲ್ಲ, ಅದೇ. ತೆಳ್ಳಗೆ ಹೆಚ್ಚಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಬೆಲ್ಲದ ಬಣ್ಣ ಬರುವವರೆಗೆ ಹುರಿದೆ. ಮುರುಗಲ ನೀರಿಗೆ ಮೈ ಕೊಡುವುದು ಈ ಈರುಳ್ಳಿಯೇ. ಎರಡು ಚಮಚ ಬೆಲ್ಲ, ಕಾಳುಮೆಣಸು, ಬೀಜ ತೆಗೆದ ನಾಲ್ಕು ಜುಮ್ಮನಕಾಯಿ, ನಾಲಿಗೆ ಜುಮ್ಮೆನ್ನಿಸುವ ಆ ಕಾಡು ಮಸಾಲೆ. ಬಾಂಗಡೆ ಹುಳಿಗೆ ಹಾಕುತ್ತೇವಲ್ಲ, ಅದೇ ಧೈರ್ಯದಲ್ಲಿ ಹಾಕಿದೆ. ಉಪ್ಪು ಹಾಕುವ ಮೊದಲು ಖಂಡಿತ ರುಚಿ ನೋಡಿ. ಸಿಪ್ಪೆಯನ್ನು ಹೆಚ್ಚಾಗಿ ಉಪ್ಪು ಹಾಕಿಯೇ ಒಣಗಿಸಿರುತ್ತಾರೆ. ನನ್ನದಕ್ಕೆ ಒಂದು ಕಾಳು ಉಪ್ಪೂ ಬೇಕಾಗಲಿಲ್ಲ.

ಬಣ್ಣ ನೇರಳೆ ಕೆಂಪು. ಸ್ಟೇಕ್ ಸಾಸ್ ಎಂದು ಯಾರೂ ಒಪ್ಪುವುದಿಲ್ಲ, ತಮ್ಮನಂತೂ ನಕ್ಕೇಬಿಟ್ಟ. ಕೋಳಿಯ ಮೇಲೆ ಪೇಲವ. ಆದರೆ ಇಸ್ವಾಣದ ಮೇಲೆ ಉಳಿದ ಮೂರನ್ನೂ ಪಕ್ಕಕ್ಕೆ ತಳ್ಳಿತು. ವಿನೆಗರ್ ಇಲ್ಲ, ಮೂಗಿಗೆ ಹೊಡೆಯುವ ವಾಸನೆಯಿಲ್ಲ, ಮೀನಿನ ಸಿಹಿ ಹಾಗೇ ಉಳಿದು, ಕೊನೆಗೆ ಜುಮ್ಮನಕಾಯಿ ತುಟಿಯ ಮೇಲೆ ಸಣ್ಣಗೆ ಮರಗಟ್ಟಿಸುತ್ತದೆ. ನಗುತ್ತಿದ್ದವನೇ ಬಟ್ಟಲು ತನ್ನ ಕಡೆ ಎಳೆದುಕೊಂಡ. ಅಮ್ಮ ಅನ್ನಕ್ಕೆ ಕಲಸಿಕೊಂಡರು, ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇನ್ನೇನು ಬೇಕು?

ಕೋಳಿಗೂ ಗೆಡ್ಡೆಗೂ ಹುಣಸೆ, ಮೀನಿಗೆ ಮುರುಗಲು ಎಂದು ಈಗ ಅಡುಗೆಮನೆಯಲ್ಲಿ ಇತ್ಯರ್ಥವಾಗಿದೆ. ಆ ಬಾಟಲಿಯ ನೆನಪೇ ಬೇಕೆಂದರೆ ದ್ರಾಕ್ಷಿಯದು ಮಾಡಿ, ಆದರೆ ಸೋಸಲು ಮನೆಯಲ್ಲಿ ಇನ್ನೊಬ್ಬರಿರಲಿ. ಮಗ ಮಾತ್ರ ಇನ್ನೂ ಕೆಚಪ್ ಪಕ್ಷದಲ್ಲೇ ಇದ್ದಾನೆ.

ಜೂನ್ 1ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಬಂದು ಯಾಂತ್ರಿಕ ದೋಣಿಗಳು ನಿಂತರೆ ಎರಡು ತಿಂಗಳು ಒಳ್ಳೆಯ ಇಸ್ವಾಣ ಸಿಗುವುದು ಕಷ್ಟ. ಮುರುಗಲು ಸಾಸ್ ಅರ್ಧ ಬಾಟಲಿ ಉಳಿದಿದೆ. ಅಮ್ಮ ದಿನಾ ಫ್ರಿಜ್ ಬಾಗಿಲು ತೆಗೆದು ಅದನ್ನೇ ನೋಡುತ್ತಿದ್ದಾರೆ. ಇವತ್ತು ಮಧ್ಯಾಹ್ನ ಅನ್ನದ ಪಕ್ಕದಲ್ಲಿ ಮತ್ತೆ ಕಂಡಿತು.