ಸಹಿ ಸಂಗ್ರಹದ ತರಬೇತಿ: ಪಕ್ಷ ಕೇಳದ ಒಂದು ಸೇವೆ

ಶಾಸನಸಭೆ ಕೈಗೆತ್ತಿಕೊಳ್ಳದ ವಿಷಯವನ್ನು ನಾಗರಿಕರೇ ಸಹಿ ಸಂಗ್ರಹಿಸಿ ನೇರವಾಗಿ ಮತದಾನಕ್ಕೆ ತರುವ ಇನಿಷಿಯೇಟಿವ್ ಹಕ್ಕು ಅಮೆರಿಕದ ಒಹಾಯೊ ರಾಜ್ಯದ ಸಂವಿಧಾನದಲ್ಲಿ 1912ರಿಂದಲೂ ಇದೆ. ಅದನ್ನು ಬಳಸುವ ಬಗೆಯನ್ನು ಕಲಿಸುವ ಸಂಸ್ಥೆಯೊಂದರ ಉಚಿತ ತರಬೇತಿಗೆ ಈಚೆಗೆ ಹೋಗಿದ್ದೆ. ತಾವು ಪಕ್ಷಾತೀತರೆಂದು ಹೇಳಿಕೊಳ್ಳದ ಸಂಘಟನೆಯೇ ಅಪರೂಪವಾದ್ದರಿಂದ, ಅನುಮಾನವನ್ನು ಜೊತೆಗಿಟ್ಟುಕೊಂಡೇ ಕುಳಿತೆ.

ಮೂರು ಗಂಟೆಗಳಲ್ಲಿ ಹೆಚ್ಚಿನ ಸಮಯ ಸಂದದ್ದು ಸಹಿ ಪುಸ್ತಿಕೆಗೆ. ಒಂದು ಪುಸ್ತಿಕೆಯಲ್ಲಿ ಒಂದೇ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮತದಾರರ ಸಹಿಗಳಿರಬೇಕು. ಹಾಗಾಗಿ ಪೆನ್ನು ಕೊಡುವ ಮೊದಲೇ ಅವರ ಹೆಸರು ಯಾವ ಕೌಂಟಿಯ ಪಟ್ಟಿಯಲ್ಲಿದೆಯೆಂದು ಕೇಳಿಕೊಳ್ಳಬೇಕು. ಬೇಕೆಂದೇ ಏಳು ತಪ್ಪುಗಳನ್ನು ತುಂಬಿದ್ದ ಪುಸ್ತಿಕೆಯನ್ನು ಎಲ್ಲರಿಗೂ ಹಂಚಿದರು. ನನಗೆ ಸಿಕ್ಕಿದ್ದು ನಾಲ್ಕು. ಗಂಡ ತನ್ನ ಸಹಿಯ ಕೆಳಗೆ ಅದೇ ಕೈಬರಹದಲ್ಲಿ ಹೆಂಡತಿಯ ಸಹಿಯನ್ನೂ ಹಾಕಿದ್ದುದು ಕಣ್ಣಿಗೇ ಬೀಳಲಿಲ್ಲ. ಇದು ಹುಡುಗಾಟವೆನಿಸಬಹುದು, ಆದರೆ 2022ರ ಗವರ್ನರ್ ಚುನಾವಣೆಯ ನಂತರ ಸಂವಿಧಾನ ತಿದ್ದುಪಡಿಯೊಂದಕ್ಕೆ ಬೇಕಾಗಿದ್ದ ಸಿಂಧು ಸಹಿಗಳು 4,13,487, ಅದರ ಜೊತೆಗೆ 88 ಕೌಂಟಿಗಳ ಪೈಕಿ ಕನಿಷ್ಠ 44ರಲ್ಲಿ ನಿಗದಿತ ಪ್ರಮಾಣದ ಬೆಂಬಲವೂ ಇರಬೇಕಿತ್ತು ಎಂಬುದನ್ನು ನೆನೆದರೆ, ಒಂದೊಂದು ಸಾಲಿಗೂ ಎಷ್ಟು ಬೆಲೆಯಿದೆಯೆಂಬುದು ಅರ್ಥವಾಗುತ್ತದೆ.

ಅನುಮಾನ ಕರಗಿದ್ದು 2023ರ ಆಗಸ್ಟ್ ಮತದಾನದ ಪ್ರಸ್ತಾಪ ಬಂದಾಗ. ತಿದ್ದುಪಡಿಗೆ ಶೇ. 60 ಮತ ಬೇಕು, ಸಹಿಗಳು 88 ಕೌಂಟಿಗಳಿಂದಲೂ ಬರಬೇಕು ಎಂಬ ಆ ಪ್ರಸ್ತಾವವನ್ನು ಸುಮಾರು ಶೇ. 57 ಮತದಾರರು ತಿರಸ್ಕರಿಸಿದ್ದರು. ಸಂಸ್ಥೆ ಅದನ್ನು ವಿರೋಧಿಸಿತ್ತು. ಆ ಮಾತನ್ನು ಮುಚ್ಚಿಡಲೂ ಇಲ್ಲ. ಆದರೂ ಸಂವಿಧಾನವನ್ನು ಸರಳ ಬಹುಮತದಿಂದ ಬದಲಿಸುವಂತಿರಬಾರದು ಎನ್ನುವವರ ವಾದವನ್ನು ತರಬೇತುದಾರರು ಎಷ್ಟು ನ್ಯಾಯವಾಗಿ ಮಂಡಿಸಿದರೆಂದರೆ, ವಿರುದ್ಧವಾಗಿ ಮತ ಹಾಕಿದ್ದ ನಾನೇ ಒಂದು ಕ್ಷಣ ತೂಗಾಡಿದೆ. ಕನಿಷ್ಠ ವೇತನ ಹೆಚ್ಚಿಸಬೇಕೆಂದು ಬಂದವರಿಗೂ ಆಸ್ತಿ ತೆರಿಗೆಯೇ ಬೇಡವೆಂದು ಬಂದವರಿಗೂ ಅಲ್ಲಿ ದೊರೆತ ಉತ್ತರಗಳಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಇದೇ ಹಕ್ಕಿದ್ದ ಮಿಸಿಸಿಪ್ಪಿ ರಾಜ್ಯದ ಕಥೆಯನ್ನೂ ಅಲ್ಲಿಯೇ ವಿವರವಾಗಿ ಕೇಳಿದೆ: ಸಹಿಗಳು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಐದು ಚುನಾವಣಾ ಕ್ಷೇತ್ರಗಳಿಂದ ಬರಬೇಕೆಂಬ ನಿಯಮ ಹಾಗೆಯೇ ಉಳಿದು, ಕ್ಷೇತ್ರಗಳು ನಾಲ್ಕಕ್ಕೆ ಇಳಿದದ್ದರಿಂದ, 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿನೊಂದಿಗೆ ಆ ಹಕ್ಕೇ ನಿಷ್ಕ್ರಿಯವಾಯಿತು.

ಕೊರತೆಗಳಿಲ್ಲವೆಂದಲ್ಲ. ವಿಳಾಸ ಬದಲಿಸಿದ ಮತದಾರರೊಬ್ಬರ ಬಗ್ಗೆ ಸಹಾಯವಾಣಿಗೆ ಬರೆದ ಪ್ರಶ್ನೆಗೆ ಒಂಬತ್ತು ದಿನಗಳ ನಂತರ ಉತ್ತರ ಬಂತು. ಅಷ್ಟರಲ್ಲಿ ಪುಸ್ತಿಕೆಯನ್ನು ಒಪ್ಪಿಸಿಯಾಗಿತ್ತು. ಕೈಪಿಡಿಯಲ್ಲಿ ದೇಣಿಗೆದಾರರ ಹೆಸರುಗಳಿಲ್ಲ. ಕೇಳಿದಾಗ ವಾರ್ಷಿಕ ವರದಿಯನ್ನು ತೋರಿಸಿದರಾದರೂ, ಸರ್ಕಾರದಿಂದ ಪಾರದರ್ಶಕತೆಯನ್ನು ಬಯಸುವವರು ಅದನ್ನು ಮೊದಲ ಪುಟದಲ್ಲಿಯೇ ಹಾಕಬೇಕಿತ್ತು.

ಹೋಗುವವರು ಮತದಾರರ ಪಟ್ಟಿಯಲ್ಲಿರುವ ತಮ್ಮ ವಿಳಾಸವನ್ನು ಮೊದಲೇ ನೋಡಿಕೊಂಡಿರಲಿ. ಅಭ್ಯಾಸದ ಪುಸ್ತಿಕೆಯಲ್ಲಿ ನನ್ನ ಪಕ್ಕದವರು ಬರೆದ ಮನೆಯ ಸಂಖ್ಯೆ ಪಟ್ಟಿಯಲ್ಲಿದ್ದುದಕ್ಕಿಂತ ಬೇರೆಯಾಗಿತ್ತು. ಮನೆ ಬದಲಿಸಿ ಎರಡು ವರ್ಷವಾದರೂ ಅವರು ಅದನ್ನು ತಿದ್ದಿಸಿರಲಿಲ್ಲ.