ಮನೆ ಮಾರಲು ಮೂರು ದಾರಿ: ಬೋರ್ಡು, ವೆಬ್‌ಸೈಟು, ಬ್ರೋಕರ್

ಮನೆ ಮಾರ್ತೀವಿ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು. "ಬ್ರೋಕರ್‌ಗೆ ಕೊಟ್ಟಿದ್ದೀರಾ, ನೀವೇ ನೋಡ್ಕೊಳ್ತಿದ್ದೀರಾ?" ಎಂಥ ಮನೆ ಅಂತ ಯಾರೂ ಕೇಳುವುದಿಲ್ಲ. ನಾವು ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಎರಡು ಆಸ್ತಿ ಮಾರಿದೆವು. ಒಂದು, ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ ಕಟ್ಟಿಸಿದ್ದ ಮನೆ, 30x40 ಸೈಟು. ಇನ್ನೊಂದು, ಬೆಂಗಳೂರಿನ ಜೆ.ಪಿ. ನಗರದ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟು. ಅಮ್ಮನೂ ನಮ್ಮ ಜೊತೆ ಇರುವ ಹಾಗೆ ದೊಡ್ಡದೊಂದು ಮನೆ ಬೇಕಿತ್ತು, ಅದಕ್ಕೆ. ಎರಡಕ್ಕೂ ಬೋರ್ಡು, ವೆಬ್‌ಸೈಟು, ಬ್ರೋಕರ್ ಮೂರನ್ನೂ ನೋಡಿಯಾಯಿತು. ಫ್ಲ್ಯಾಟಿಗೆ ಸರಿಹೋದ ದಾರಿ ಮನೆಗೆ ಹೊಂದಲಿಲ್ಲ. ಮನೆ ಮಾರಿಸಿದ ದಾರಿ ಫ್ಲ್ಯಾಟಿಗೆ ಉಪಯೋಗಕ್ಕೇ ಬರಲಿಲ್ಲ.

ಬೋರ್ಡು

ಖರ್ಚು ಅಂದರೆ ಒಂದು ಫ್ಲೆಕ್ಸು, ಗೇಟಿಗೆ ಬಿಗಿಯಲು ಒಂದಿಷ್ಟು ವೈರು. "ಮನೆ ಮಾರಾಟಕ್ಕಿದೆ, ಮಧ್ಯವರ್ತಿಗಳು ಬೇಡ" ಅಂತ ಬರೆಸಿದೆವು. ಮೊದಲು ಬಂದ ಫೋನೆಲ್ಲ ಮಧ್ಯವರ್ತಿಗಳದ್ದೇ! "ಮೇಡಂ, ನಾನು ಬ್ರೋಕರ್ ಅಲ್ಲ, ನನ್ನ ಹತ್ರ ಒಂದು ಪಾರ್ಟಿ ಇದೆ ಅಷ್ಟೇ" ಅನ್ನುವವರೂ ಇದ್ದರು.

ಆ ಅಲೆ ತಣ್ಣಗಾದ ಮೇಲೆ ಬಂದವರೇ ಬೇರೆ. ಬೆಳಿಗ್ಗೆ ವಾಕಿಂಗ್ ಹೋಗುವವರು, ಹಾಲಿನ ಬೂತಿನ ಹತ್ತಿರ ಸುದ್ದಿ ಕೇಳಿದವರು, ಅದೇ ಬಡಾವಣೆಯಲ್ಲಿ ಬಾಡಿಗೆಗೆ ಇದ್ದವರು. ಹಳೇ ಬಡಾವಣೆಯ ಸ್ವಂತ ಮನೆಗೆ ಗಿರಾಕಿ ದೂರದಿಂದ ಬರುವುದು ಕಡಿಮೆ. ಅಪ್ಪ ಅಮ್ಮ ಎರಡು ರಸ್ತೆ ಆಚೆ ಇದ್ದಾರೆ, ಮಗನಿಗೆ ಹತ್ತಿರದಲ್ಲೇ ಮನೆ ಬೇಕು ಅನ್ನುವಂಥವರೇ ಒಳ್ಳೇ ಬೆಲೆ ಕೊಡುವುದು. ಅವರಿಗೆ ಅಲ್ಲಿನ ಕಾವೇರಿ ನೀರು ಯಾವ ದಿನ ಬರುತ್ತೆ, ಮಳೆಗಾಲದಲ್ಲಿ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತೆ ಎಲ್ಲ ಗೊತ್ತು. ಹೊಸದಾಗಿ ಏನನ್ನೂ ಒಪ್ಪಿಸಬೇಕಿಲ್ಲ. ನಮ್ಮ ಮನೆ ಕೊನೆಗೆ ಹೋಗಿದ್ದೂ ಇಂಥ ಒಂದು ಕುಟುಂಬಕ್ಕೇ.

ತೊಂದರೆ ಇಲ್ಲ ಅಂತಲ್ಲ. ಅಮ್ಮ ಒಬ್ಬರೇ ಇದ್ದ ಮನೆ. ಹೊತ್ತಲ್ಲದ ಹೊತ್ತಲ್ಲಿ ಬೆಲ್ಲು. ಕೊಳ್ಳುವ ಉದ್ದೇಶವೇ ಇಲ್ಲದೆ ಸುಮ್ನೆ ಒಳಗೆ ನೋಡಿ, ಕಾಫಿ ಕುಡಿದು ಹೋದವರು ಎಷ್ಟೋ ಜನ. ಹಾಗಾಗಿ ಬೋರ್ಡಿನಲ್ಲಿ ನನ್ನ ನಂಬರು ಮಾತ್ರ ಹಾಕಿ, "ಫೋನ್ ಮಾಡಿ ಬನ್ನಿ" ಅಂತ ಬರೆಸಿದೆವು. ಶನಿವಾರ, ಭಾನುವಾರ ನಾವು ಊರಿಗೆ ಹೋದಾಗ ಮಾತ್ರ ತೋರಿಸುತ್ತಿದ್ದೆವು. ಖಾಲಿ ಬಿದ್ದಿರುವ ಮನೆಗೆ ಬೋರ್ಡು ಹಾಕುವುದಂತೂ ಬೇಡ. ಇಲ್ಲಿ ಯಾರೂ ಇಲ್ಲ ಅಂತ ಕಳ್ಳರಿಗೆ ನಾವೇ ಡಂಗುರ ಹೊಡೆದ ಹಾಗೆ.

ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಬೋರ್ಡು ಗಾಳಿಗೆ ಪಟಪಟ ಅನ್ನುತ್ತೆ ಅಷ್ಟೇ, ಫೋನು ಬರಲ್ಲ. ಅದನ್ನು ನೋಡಿ ಬೆಲೆ ಇಳಿಸುವವರಿದ್ದಾರೆ. ಆ ದಿನಗಳು ಕಳೆಯುವವರೆಗೆ ತಡೆದುಕೊಂಡರೆ ಸಾಕು.

ಫ್ಲ್ಯಾಟಿಗೆ ಬೋರ್ಡು ಹಾಕಲು ಅಸೋಸಿಯೇಷನ್ನಿನವರು ಬಿಡಲಿಲ್ಲ. ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಚೀಟಿ ಅಂಟಿಸಿದ್ದಾಯಿತು. ಅದನ್ನು ಓದಿದವರೆಲ್ಲ ಆಗಲೇ ಫ್ಲ್ಯಾಟ್ ಇದ್ದವರು.

ವೆಬ್‌ಸೈಟು

ಫ್ಲ್ಯಾಟು ಮಾರಿದ್ದು ಇಲ್ಲಿಯೇ. ಕಾರಣ ಸರಳ. ಒಂದೇ ಅಪಾರ್ಟ್‌ಮೆಂಟಿನ ಎರಡು ಫ್ಲ್ಯಾಟನ್ನು ಹೋಲಿಸುವುದು ಸುಲಭ. ಇಷ್ಟು ಚದರಡಿ, ಇಷ್ಟನೇ ಮಹಡಿ, ಇಷ್ಟು ವರ್ಷ ಹಳೇದು, ಮೇಂಟೆನೆನ್ಸ್ ಇಷ್ಟು, ಓಸಿ (ಕಟ್ಟಡದಲ್ಲಿ ವಾಸಕ್ಕೆ ಕೊಡುವ ಅನುಮತಿ ಪತ್ರ) ಇದೆಯಾ ಇಲ್ಲವಾ. ನೋಡುವವರು ಆಫೀಸಿನಲ್ಲೇ ಕೂತು ಅರ್ಧ ತೀರ್ಮಾನ ಮಾಡಿಕೊಂಡಿರುತ್ತಾರೆ. ಮನೆ ನೋಡಲು ಬಂದಾಗ ಅವರು ನೋಡುವುದು ಬೆಳಕು, ಬಾತ್‌ರೂಮು, ಪಾರ್ಕಿಂಗು. ಹಾಗಾಗಿ ಫ್ಲ್ಯಾಟಿಗೆ ಬಣ್ಣ ಹೊಡೆಸಿದ್ದು, ಬಾತ್‌ರೂಮಿನ ನಲ್ಲಿ ಬದಲಿಸಿದ್ದು, ಹಗಲು ಹೊತ್ತಲ್ಲಿ ಕರ್ಟನ್ ತೆಗೆದು ಫೋಟೋ ಹೊಡೆದದ್ದು ಎಲ್ಲ ಕೆಲಸಕ್ಕೆ ಬಂತು.

ಮೈಸೂರಿನ ಮನೆಯ ಫೋಟೋಗಳನ್ನೂ ಹಾಕಿದ್ದೆವು. ಅಪ್ಪ ನಿಂತು ಹಾಕಿಸಿದ್ದ ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲು, ಹಿತ್ತಿಲ ತೆಂಗಿನ ಮರ. ಬಂದ ಮೆಸೇಜೆಲ್ಲ ಒಂದೇ. "ಸೈಟ್ ಡೈಮೆನ್ಷನ್? ಫೇಸಿಂಗ್?" ಹಳೇ ಮನೆಗೆ ಗಿರಾಕಿ ಬೆಲೆ ಕಟ್ಟುವುದು ನೆಲಕ್ಕೆ. ಕಟ್ಟಡ ಕೆಡವುವ ಖರ್ಚನ್ನೂ ಮನಸ್ಸಿನಲ್ಲೇ ಕಳೆದಿರುತ್ತಾನೆ. ಅಂಥ ಮನೆಗೆ ಲಕ್ಷಗಟ್ಟಲೆ ಸುರಿದು ರಿಪೇರಿ ಮಾಡಿಸುವುದು ದಂಡ. ಸೋರುವ ಜಾಗ ಮುಚ್ಚಿಸಿ, ಸಂಪಿನ ಮೋಟಾರು ಓಡುವ ಹಾಗೆ ನೋಡಿಕೊಂಡರೆ ಸಾಕು.

ಬೆಲೆ ತಿಳಿಯಲೂ ವೆಬ್‌ಸೈಟು ನೋಡುತ್ತೇವಲ್ಲ, ಅಲ್ಲಿ ಎಚ್ಚರ ಬೇಕು. ಅದರಲ್ಲಿ ಇರುವುದು ಮಾಲೀಕರು ಕೇಳುತ್ತಿರುವ ಬೆಲೆ. ವ್ಯಾಪಾರ ಕುದುರಿದ ಬೆಲೆ ಅಲ್ಲಿ ಕಾಣಲ್ಲ. ಬೋರ್ಡಿನ ದಾರಿಯಲ್ಲಿ ಇದರ ಬದಲು ಅಂತೆ ಕಂತೆಗಳ ಸಂತೆ. "ಹಿಂದಿನ ರೋಡಲ್ಲಿ ಎರಡು ಕೋಟಿಗೆ ಹೋಯ್ತಂತೆ." ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಗೈಡೆನ್ಸ್ ವ್ಯಾಲ್ಯೂ ಸಿಗುತ್ತೆ, ಅದು ಸರ್ಕಾರ ಹೇಳುವ ಕನಿಷ್ಠ ಬೆಲೆ. ಮಾರುಕಟ್ಟೆ ಬೆಲೆ ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ ಇರುತ್ತೆ. ನಾವು ಬ್ಯಾಂಕುಗಳಿಗೆ ಮೌಲ್ಯಮಾಪನ ಮಾಡಿಕೊಡುವ ಇಂಜಿನಿಯರ್ ಒಬ್ಬರಿಗೆ ಫೀಸು ಕೊಟ್ಟು ರಿಪೋರ್ಟು ಬರೆಸಿಕೊಂಡೆವು. ಒಂದೇ ಕೆಲಸಕ್ಕೆ ಎರಡು ಲಾಭ. 2001ರ ಏಪ್ರಿಲ್ 1ಕ್ಕಿಂತ ಮೊದಲಿನ ಆಸ್ತಿಯಾದರೆ ಆ ದಿನದ ಬೆಲೆಯನ್ನು ಕೊಂಡ ಬೆಲೆ ಅಂತ ಹಿಡಿದು ತೆರಿಗೆ ಲೆಕ್ಕ ಹಾಕಬಹುದು. ಆ ರಿಪೋರ್ಟೂ ಅವರಿಂದಲೇ ಸಿಕ್ಕಿತು.

ಇನ್ನು ಮೋಸಗಾರರು. "ನಾನು ಆರ್ಮಿಯಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ, ಮನೆ ನೋಡುವ ಅಗತ್ಯ ಇಲ್ಲ, ಅಡ್ವಾನ್ಸ್ ಈಗಲೇ ಕಳಿಸ್ತೀನಿ" ಅಂತ ಒಬ್ಬ. ಯೂನಿಫಾರಂ ಹಾಕಿದ ಫೋಟೋ, ಕ್ಯಾಂಟೀನ್ ಕಾರ್ಡು ಎಲ್ಲ ವಾಟ್ಸಾಪಿನಲ್ಲಿ ಬಂತು. ಹಿಂದೆಯೇ ಒಂದು ಕ್ಯೂಆರ್ ಕೋಡು. "ಇದನ್ನ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ನಿಮಗೆ ಬರುತ್ತೆ." ಯುಪಿಐನಲ್ಲಿ ಪಿನ್ ಒತ್ತುವುದು ದುಡ್ಡು ಕೊಡಲು. ಬರುವ ದುಡ್ಡಿಗೆ ಪಿನ್ ಬೇಕಿಲ್ಲ. ನಮ್ಮನೆಯವರು ಅವನನ್ನು ಸ್ವಲ್ಪ ಹೊತ್ತು ಮಾತಾಡಿಸಿ, ಯಾವ ರೆಜಿಮೆಂಟು ಅಂತ ಕೇಳಿದರು. ಫೋನು ಕಟ್ಟಾಯಿತು.

ಬ್ರೋಕರ್

ಎರಡೂ ಊರಿನಲ್ಲಿ ಬ್ರೋಕರ್‌ಗಳನ್ನು ಹಿಡಿದೆವು. ಕಮಿಷನ್ ಸಾಮಾನ್ಯವಾಗಿ 1ರಿಂದ 2 ಪರ್ಸೆಂಟ್. ಒಂದೂವರೆ ಕೋಟಿಯ ಮನೆಗೆ 2 ಪರ್ಸೆಂಟ್ ಅಂದರೆ 3 ಲಕ್ಷ. ಅಷ್ಟು ದುಡ್ಡಿಗೆ ಏನು ಮಾಡ್ತಾರೆ ಅನ್ನುವುದೇ ಪ್ರಶ್ನೆ.

ಒಳ್ಳೇ ಬ್ರೋಕರ್ ಮಾಡುವ ಕೆಲಸ ಕಮ್ಮಿ ಏನಲ್ಲ. ಬರೀ ನೋಡಿ ಹೋಗುವವರನ್ನು ಗೇಟಿನಾಚೆಯೇ ತಡೆಯುತ್ತಾರೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಸ್ಲಾಟು, ಕಾವೇರಿಯಲ್ಲಿ ವಿವರ ತುಂಬುವುದು, ಪತ್ರ ಬರೆಯುವವರನ್ನು ಗೊತ್ತು ಮಾಡುವುದು, ಇವೆಲ್ಲ ಅವರಿಗೆ ಅಂಗೈ ರೇಖೆ. "ಅಮ್ಮಾ, ಆ ಬೆಲೆಗೆ ಯಾರೂ ತಗೊಳ್ಳಲ್ಲ" ಅಂತ ಅಮ್ಮನ ಮುಖದ ಮೇಲೆ ಹೇಳಲು ನಮಗೆ ಬಾಯಿ ಬಂದಿರಲಿಲ್ಲ. ಮೈಸೂರಿನ ಬ್ರೋಕರ್ ನಯವಾಗಿ ಹೇಳಿದರು. ಅಮ್ಮ ಕೇಳಿದರು ಕೂಡ.

ಆದರೆ ಅವರ ಅವಸರ ನಮ್ಮ ಅವಸರ ಅಲ್ಲ. ಬೆಲೆ 5 ಲಕ್ಷ ಇಳಿದರೆ 2 ಪರ್ಸೆಂಟ್‌ನಲ್ಲಿ ಅವರಿಗೆ ಹೋಗುವುದು 10 ಸಾವಿರ, ನಮಗೆ ಮಿಕ್ಕಿದ್ದೆಲ್ಲ. ಅದಕ್ಕೇ "ಸ್ವಲ್ಪ ಬಗ್ಗಿ ಮೇಡಂ, ಪಾರ್ಟಿ ಕೈ ತಪ್ಪುತ್ತೆ" ಅನ್ನುವ ಮಾತು ಅಷ್ಟು ಸಲೀಸಾಗಿ ಬರುತ್ತೆ. ಹಾಗಂತ ಮೂರ್ನಾಲ್ಕು ಜನಕ್ಕೆ ಒಟ್ಟಿಗೆ ಕೊಟ್ಟರೆ ಇನ್ನೂ ಕಷ್ಟ. ಒಂದೇ ಮನೆ ಮೂರು ಬೆಲೆಗೆ ಪೇಟೆಯಲ್ಲಿ ಓಡಾಡುತ್ತೆ. ಇದರಲ್ಲಿ ಏನೋ ಐಬಿದೆ ಅಂತ ಗಿರಾಕಿಗೆ ಅನಿಸುತ್ತೆ. ಒಬ್ಬರಿಗೆ ಕೊಡಿ, ಇಷ್ಟು ತಿಂಗಳು ಅಂತ ಗಡುವು ಹಾಕಿ, ಕಮಿಷನ್ ಎಷ್ಟು, ಯಾವಾಗ ಅಂತ ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ರಿಜಿಸ್ಟ್ರೇಷನ್ ದಿನ ಕೊಡುವುದು ಸರಿಯಾದ ಕ್ರಮ.

ಬೆಂಗಳೂರಿನಲ್ಲಿ ಒಬ್ಬರು ಬೇರೆ ಲೆಕ್ಕ ತಂದರು. "ನಿಮ್ಮ ಕೈಗೆ ಇಷ್ಟು ಬಂದ್ರೆ ಸಾಕಲ್ವಾ? ಮೇಲಿಂದು ನಂದು, ಕಮಿಷನ್ನೇ ಬೇಡ." ಕೇಳಲು ಧಾರಾಳ. ಆದರೆ ಮೇಲಿನದು ಎಷ್ಟು ಅಂತ ನಮಗೆ ತಿಳಿಯುವುದೇ ಇಲ್ಲ. ಇದರದ್ದೇ ಇನ್ನೊಂದು ರೂಪ, ಚೂರು ಅಡ್ವಾನ್ಸ್ ಕೊಟ್ಟು ಆರೇಳು ತಿಂಗಳಿಗೆ ಅಗ್ರಿಮೆಂಟ್ ಮಾಡಿಕೊಳ್ಳುವುದು. ಅಷ್ಟರಲ್ಲಿ ಅವರು ಹೆಚ್ಚಿನ ಬೆಲೆಗೆ ಬೇರೆಯವರನ್ನು ಹುಡುಕುತ್ತಾರೆ. ಸಿಗದಿದ್ದರೆ ಮನೆ ಅಲ್ಲೇ, ನಾವೂ ಅಲ್ಲೇ. ಅಡ್ವಾನ್ಸ್ 10 ಪರ್ಸೆಂಟಿಗೆ ಕಮ್ಮಿ ಇಲ್ಲದೆ, ಗಡುವು 3 ತಿಂಗಳು ಮೀರದೆ ಅಗ್ರಿಮೆಂಟ್ ಮಾಡುವುದು ಅಂತ ನಾವು ನಿಂತೆವು.

ಮೂರಕ್ಕೂ ಬೇಕಾದ ಕಾಗದ

ಯಾವ ದಾರಿಯಲ್ಲಿ ಗಿರಾಕಿ ಬಂದರೂ ವ್ಯಾಪಾರ ನಿಲ್ಲುವುದು ಕಾಗದದ ಹತ್ತಿರ. ಇದು ಬ್ರೋಕರ್ ನೋಡಿಕೊಳ್ಳುವ ಕೆಲಸ ಅಂತ ಬಿಟ್ಟವರೇ ಜಾಸ್ತಿ ಒದ್ದಾಡುವುದು.

ನಮ್ಮ ಮೈಸೂರು ಮನೆಯ ಕಥೆ ನೋಡಿ. ಅಪ್ಪ ಮನೆ ಕಟ್ಟಲು ತೆಗೆದ ಸಾಲ ಎಂದೋ ತೀರಿತ್ತು. ಮೂಲ ಪತ್ರಗಳೂ ವಾಪಸ್ ಬಂದಿದ್ದವು. ಬೋರ್ಡು ಹಾಕುವ ಮೊದಲೇ ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ) ತೆಗೆಸಿದಾಗ ಅಡಮಾನದ ಸಾಲು ಹಾಗೇ ಕೂತಿತ್ತು. ಅಡಮಾನ ರಿಜಿಸ್ಟರ್ ಆಗಿದ್ದರೆ ಬಿಡುಗಡೆಯೂ ರಿಜಿಸ್ಟರ್ ಆಗಬೇಕು. ಬ್ಯಾಂಕಿನವರು ಅದನ್ನು ಮಾಡಿಕೊಟ್ಟಿರಲಿಲ್ಲ. ಶಾಖೆಯಲ್ಲಿ "ಹಳೇ ಫೈಲು, ಹುಡುಕಬೇಕು" ಅನ್ನುವ ಉತ್ತರ. ಕೊಳ್ಳುವವರ ಲಾಯರು ಇದನ್ನು ಮೊದಲು ನೋಡಿದ್ದರೆ ಅಡ್ವಾನ್ಸೇ ಬರುತ್ತಿರಲಿಲ್ಲ. ಈಗ ಸಾಲ ತೀರಿಸುವವರಿಗೆ ರಿಸರ್ವ್ ಬ್ಯಾಂಕಿನ ನಿಯಮದ ಬಲ ಇದೆ. 2023ರ ಡಿಸೆಂಬರ್ 1ರಿಂದ ಸಾಲ ಮುಗಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರ ಕೊಡಬೇಕು, ದಾಖಲೆಯಲ್ಲಿನ ಋಣಭಾರವನ್ನೂ ತೆಗೆಸಬೇಕು. ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ಫ್ಲ್ಯಾಟಿಗೆ ಬೇಕಾದದ್ದು ಇ-ಖಾತೆ, ಅಂದರೆ ಪಾಲಿಕೆಯ ಆಸ್ತಿ ಖಾತೆಯ ಡಿಜಿಟಲ್ ರೂಪ. ಬೆಂಗಳೂರಿನಲ್ಲಿ 2024ರ ಕೊನೆಯಿಂದ ಅದಿಲ್ಲದೆ ರಿಜಿಸ್ಟ್ರೇಷನ್ ಆಗಲ್ಲ. ಗಿರಾಕಿ ಸಿಕ್ಕ ಮೇಲೆ ಮಾಡಿಸೋಣ ಅಂದುಕೊಂಡರೆ, ಹೆಸರಿನ ಒಂದು ಅಕ್ಷರ ಆಧಾರ್‌ಗೆ ತಾಳೆಯಾಗದೆ ವಾರಗಟ್ಟಲೆ ಕೂರಬೇಕಾಗುತ್ತೆ.

ಮೂವರು ವಾರಸುದಾರರ ವಿಷಯ ಇನ್ನೂ ಸೂಕ್ಷ್ಮ. ಅಪ್ಪ ವಿಲ್ ಬರೆದಿರಲಿಲ್ಲ, ಹಾಗಾಗಿ ಅಮ್ಮ, ಅಕ್ಕ, ನಾನು ಸಮಪಾಲು. ಅಕ್ಕ ಇರುವುದು ಅಮೆರಿಕದಲ್ಲಿ. 50 ಲಕ್ಷ ಮುಟ್ಟಿದ ಮಾರಾಟದಲ್ಲಿ ಇಲ್ಲಿರುವವರ ಪಾಲಿಗೆ ಕೊಳ್ಳುವವರು 1 ಪರ್ಸೆಂಟ್ ಟಿಡಿಎಸ್ (ಬೆಲೆಯಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯುತ್ತಾರೆ. ಎನ್‌ಆರ್‌ಐ ಪಾಲಿಗೆ ಆ 1 ಪರ್ಸೆಂಟ್ ಲೆಕ್ಕ ಇಲ್ಲ. ಹಳೇ ಆಸ್ತಿಯಾದರೆ 12.5 ಪರ್ಸೆಂಟ್, ಮೇಲೆ ಸರ್ಚಾರ್ಜು, ಸೆಸ್ಸು. ಬ್ರೋಕರ್ ಕೊಟ್ಟ ಸಲಹೆ, "ಅಕ್ಕಾವ್ರ ಕೈಲಿ ಹಕ್ಕು ಬಿಡುಗಡೆ ಪತ್ರ ಮಾಡಿಸ್ಬಿಡಿ, ದುಡ್ಡು ಆಮೇಲೆ ಕೊಡಿ." ಆಡಿಟರು ಬೇಡವೇ ಬೇಡ ಅಂದರು. ಕಡಿಮೆ ಟಿಡಿಎಸ್ ಸಾಕು ಅನ್ನುವ ಸರ್ಟಿಫಿಕೇಟಿಗೆ ಆದಾಯ ತೆರಿಗೆ ಇಲಾಖೆಗೆ ಮೊದಲೇ ಅರ್ಜಿ ಹಾಕಿಸಿದರು. ಅಕ್ಕ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ (ತಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ) ಕಳಿಸಿದರು. ಅದು ಇಲ್ಲಿಗೆ ಬಂದ 3 ತಿಂಗಳೊಳಗೆ ಸ್ಟ್ಯಾಂಪ್ ಆಗಬೇಕು, ನೆನಪಿರಲಿ.

ಕಪ್ಪು ಬಿಳುಪಿನ ಮಾತು, ಅಂದರೆ ಪತ್ರದಲ್ಲಿ ಬೆಲೆ ಕಮ್ಮಿ ತೋರಿಸಿ ಮಿಕ್ಕಿದ್ದು ನಗದಾಗಿ ಕೊಡುವುದು, ಮೂರೂ ದಾರಿಯಲ್ಲಿ ಬಂತು. ಬೋರ್ಡು ನೋಡಿ ಬಂದವರು ನಾಚುತ್ತಾ ಕೇಳಿದರು, ಬ್ರೋಕರ್ ರಾಜಾರೋಷವಾಗಿ ಕೇಳಿದರು. 2025ರ ಆಗಸ್ಟ್ 31ರಿಂದ ರಿಜಿಸ್ಟ್ರೇಷನ್ ಫೀಸು 1 ಪರ್ಸೆಂಟ್ ಇದ್ದದ್ದು 2 ಪರ್ಸೆಂಟ್ ಆಗಿದೆ. 45 ಲಕ್ಷ ದಾಟಿದ ಆಸ್ತಿಗೆ ಸ್ಟ್ಯಾಂಪ್ ಡ್ಯೂಟಿ, ಸೆಸ್ಸು ಎಲ್ಲ ಸೇರಿ ನಗರದಲ್ಲಿ 7.6 ಪರ್ಸೆಂಟ್ ಆಗುತ್ತೆ, ಕೊಳ್ಳುವವರಿಗೆ ಉಳಿಸುವ ಆಸೆ ಸಹಜ. ಆದರೆ ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದರ ಮೇಲೆ ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳುವುದು ತೆಗೆದುಕೊಂಡವರಿಗೆ, ಅಂದರೆ ಮಾರುವವರಿಗೆ. ಅಲ್ಲದೆ ನಾವು ಆ ದುಡ್ಡಲ್ಲಿ ಇನ್ನೊಂದು ಮನೆ ಕೊಳ್ಳಬೇಕಿತ್ತು. ಲಾಭದ ಮೇಲಿನ ತೆರಿಗೆ ಉಳಿಯಬೇಕಾದರೆ ಮಾರಿದ 2 ವರ್ಷದೊಳಗೆ ಹೊಸ ಮನೆ ಕೊಳ್ಳಬೇಕು, ಕಟ್ಟಿಸುವುದಾದರೆ 3 ವರ್ಷ. ಚೀಲದಲ್ಲಿ ಬಂದ ನೋಟು ಆ ಲೆಕ್ಕಕ್ಕೆ ಸೇರಲ್ಲ.

ನನ್ನನ್ನು ಕೇಳಿದರೆ, ಫ್ಲ್ಯಾಟಿಗೆ ವೆಬ್‌ಸೈಟು, ಹಳೇ ಬಡಾವಣೆಯ ಮನೆಗೆ ಬೋರ್ಡು. ಊರಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ, ಎಲ್ಲರೂ ಹೊರದೇಶದಲ್ಲಿದ್ದೀರಿ ಅಂದರೆ ಬ್ರೋಕರ್‌ಗೆ ಕೊಡುವ ದುಡ್ಡು ದುಬಾರಿ ಅಲ್ಲ. ಉಳಿದವರು ಆ ದುಡ್ಡಿನ ಒಂದು ಪಾಲನ್ನು ಸ್ವಂತ ಲಾಯರಿಗೂ ಆಡಿಟರಿಗೂ ಕೊಟ್ಟರೆ ಚೆನ್ನ. ನಾವು ಎರಡೂ ಕಡೆ ಹಾಗೇ ಮಾಡಿದೆವು.

ರಿಜಿಸ್ಟ್ರೇಷನ್ ದಿನ ಡಿಡಿಯ ನಕಲು ಮೊದಲೇ ತರಿಸಿಕೊಂಡು, ಕೊಟ್ಟ ಬ್ಯಾಂಕಿಗೇ ಫೋನ್ ಮಾಡಿ ಖಚಿತ ಮಾಡಿಕೊಂಡ ಮೇಲೆ ಹೆಬ್ಬೆಟ್ಟು ಒತ್ತಿ. ಕೀಲಿ ಆಮೇಲೆ. ಟಿಡಿಎಸ್ ಕಟ್ಟಿದ ಫಾರಂ ಕೊಡುವುದನ್ನು ಕೊಳ್ಳುವವರು ಮರೆಯುತ್ತಾರೆ, ಹೊಸ ಮನೆಯ ಸಂಭ್ರಮ ನೋಡಿ. ಫೋನ್ ಮಾಡಿ ಕೇಳಿ ತಗೊಳ್ಳಿ.